ಎರವಿನ ಯಂತ್ರವೂ ಸ್ವಂತ ವ್ಯಾಪಾರವೂ

ಒಂದೇ ಕೆಲಸವನ್ನು ದಿನಕ್ಕೆ ನೂರು ಸಲ ಮಾಡಬೇಕಾಗಿ ಬಂದಾಗ ಮನುಷ್ಯನು ಬೇಸರಪಡುತ್ತಾನೆ. ಬೇಸರಪಟ್ಟವನು ಉಪಾಯವನ್ನು ಹುಡುಕುತ್ತಾನೆ. ಏತ, ಕಪಿಲೆ, ರಾಟೆಗಳೆಲ್ಲ ಹೀಗೆ ಹುಟ್ಟಿದವುಗಳೇ. ಇಂದಿನ ಕಛೇರಿಗಳಲ್ಲಿಯೂ ಇಂಥ ಉಪಾಯವೊಂದು ಬಳಕೆಗೆ ಬಂದಿದೆ. ಗಿರಾಕಿಯಿಂದ ಇ-ಮೇಲ್ ಬಂದೊಡನೆ ಅದರ ವಿವರವನ್ನು ಪಟ್ಟಿಯಲ್ಲಿ ಬರೆಯುವುದು, ಪಟ್ಟಿಯಿಂದ ಬಿಲ್ಲನ್ನು ತಯಾರಿಸುವುದು, ಬಿಲ್ಲನ್ನು ಗಿರಾಕಿಯ ಫೋನಿಗೆ ಕಳುಹಿಸುವುದು, ಮೂರು ದಿನಗಳಲ್ಲಿ ಹಣ ಬಾರದಿದ್ದರೆ ವಿನಯದಿಂದ ನೆನಪು ಮಾಡುವುದು—ಈ ಸರಣಿಯನ್ನೆಲ್ಲ ಗುಮಾಸ್ತನ ಕೈ ಸೋಕದೆ ತಾನಾಗಿ ನಡೆಸಿಕೊಂಡು ಹೋಗುವ ಸಾಫ್ಟ್‌ವೇರ್ ಸಾಧನಗಳು ಈಗ ಹಲವು ಉಂಟು. ಇವುಗಳನ್ನು ‘ವರ್ಕ್‌ಫ್ಲೋ ಆಟೊಮೇಷನ್’ ಸಾಧನಗಳೆಂದು ಕರೆಯುತ್ತಾರೆ. ಬರೆಯುವ ಅನುಕೂಲಕ್ಕಾಗಿ ನಾನು ಇವನ್ನು ಕಾರ್ಯಸರಣಿ ಸಾಧನಗಳೆನ್ನುತ್ತೇನೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಯಂತ್ರವಿಚಾರವೇಕೆ ಎಂದು ವಾಚಕರು ಕೇಳಬಹುದು. ಯಂತ್ರದ ಒಳಗಿನ ರಚನೆ ನನ್ನ ವಿಷಯವಲ್ಲ. ಯಂತ್ರ ಯಾರದು, ಅದನ್ನು ಯಾರು ಯಾವ ಕರಾರಿನ ಮೇಲೆ ಬಳಸಬಹುದು, ಬಳಸಿ ಬಂದ ಲಾಭ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಗಳು ಮಾತ್ರ ನಮ್ಮ ತರಗತಿಯ ಹಲಗೆಯ ಮೇಲೆ ನಿತ್ಯವೂ ಕಾಣಿಸಿಕೊಳ್ಳುವಂಥವು. ಅಲ್ಲದೆ, ನಮ್ಮಂಥ ಕಾಲೇಜುಗಳಿಂದ ಹೊರಬಿದ್ದವರಲ್ಲಿ ಅನೇಕರು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಸಣ್ಣ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಲೆಕ್ಕಪತ್ರಕ್ಕೋ, ಗಿರಾಕಿಗಳೊಡನೆ ವ್ಯವಹರಿಸುವುದಕ್ಕೋ ಸೇರುತ್ತಾರೆ. ಕಾರ್ಯಸರಣಿ ಸಾಧನಗಳಲ್ಲಿ ಕೆಲವು ಕಾಸಿಲ್ಲದೆ ದೊರೆಯುತ್ತವೆ. ಕಾಸಿಲ್ಲದೆ ದೊರೆತುದನ್ನು ನಮ್ಮ ಮಾರಾಟದ ಸರಕಿನೊಳಗೆ ಸೇರಿಸಿ ಕಾಸು ಮಾಡಿಕೊಳ್ಳಬಹುದೇ? ಈ ಲೇಖನದ ವಿಷಯವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಮೊದಲು ಕಾನೂನಿನ ಮಾತು. ಭಾರತದ ಕೃತಿಸ್ವಾಮ್ಯ ಅಧಿನಿಯಮವು 1957ರಲ್ಲಿ ಅಂಗೀಕೃತವಾಯಿತು. ಅದರ 2ನೆಯ ಪ್ರಕರಣದಲ್ಲಿ ಸಾಹಿತ್ಯಕೃತಿ ಎಂಬ ಮಾತಿನ ವ್ಯಾಖ್ಯೆಯಿದೆ. ತಿದ್ದುಪಡಿಗಳಾದ ಮೇಲೆ ಕಂಪ್ಯೂಟರ್ ಪ್ರೋಗ್ರಾಮುಗಳೂ ಆ ವ್ಯಾಖ್ಯೆಯೊಳಗೆ ಸೇರಿವೆ. ಎಂದರೆ, ಕಾನೂನಿನ ಕಣ್ಣಿಗೆ ಕಾದಂಬರಿಕಾರನೂ ಪ್ರೋಗ್ರಾಮು ಬರೆದವನೂ ಒಂದೇ ಪಂಕ್ತಿಯವರು. ಕಾದಂಬರಿಯೊಂದು ಗ್ರಂಥಾಲಯದಲ್ಲಿ ಪುಕ್ಕಟೆಯಾಗಿ ಓದಲು ಸಿಕ್ಕಿತೆಂದು ಅದನ್ನು ಅಚ್ಚು ಹಾಕಿಸಿ ಮಾರುವ ಹಕ್ಕು ನಮಗೆ ಬರುವುದಿಲ್ಲವಷ್ಟೆ. ಪ್ರೋಗ್ರಾಮಿಗೂ ಅದೇ ನ್ಯಾಯ. ನಕಲು ಮಾಡುವ, ಮಾರ್ಪಡಿಸುವ, ಮಾರುವ ಹಕ್ಕುಗಳು ಅದರ ಒಡೆಯನವು; ಅವನು ಬಿಟ್ಟುಕೊಟ್ಟಷ್ಟು ಮಾತ್ರ ಇತರರದು. ಬಿಟ್ಟುಕೊಡುವ ಪತ್ರಕ್ಕೇ ಲೈಸೆನ್ಸ್ ಎಂದು ಹೆಸರು. ಅದೇ ಅಧಿನಿಯಮದ 63-ಬಿ ಪ್ರಕರಣವು, ಹಕ್ಕು ಮೀರಿ ಮಾಡಿದ ಪ್ರತಿಯೆಂದು ತಿಳಿದೂ ಪ್ರೋಗ್ರಾಮನ್ನು ಕಂಪ್ಯೂಟರಿನಲ್ಲಿ ಬಳಸಿದವನಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವನ್ನೂ, 50,000 ರೂಪಾಯಿಗಳಿಂದ 2,00,000 ರೂಪಾಯಿಗಳವರೆಗೆ ದಂಡವನ್ನೂ ಹೇಳುತ್ತದೆ. ಆದುದರಿಂದ ಇದು ಬರಿಯ ಶಿಷ್ಟಾಚಾರದ ಮಾತಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕಾಗಿದೆ. ಸೋರ್ಸ್ ಕೋಡ್, ಎಂದರೆ ಪ್ರೋಗ್ರಾಮಿನ ಮೂಲ ಬರಹ, ಎಲ್ಲರ ಕಣ್ಣಿಗೂ ಕಾಣುವಂತೆ ಅಂತರ್ಜಾಲದಲ್ಲಿ ಇದ್ದರೆ ಅದು ಊರ ಬಾವಿಯ ನೀರಿನಂತೆ ಎಂದು ಹಲವರು ಬಗೆಯುತ್ತಾರೆ. ಲೈಸೆನ್ಸ್ ಪತ್ರವೇ ಇಲ್ಲದ ಕೋಡ್ ಸಿಕ್ಕರಂತೂ ‘ನಿರ್ಬಂಧವೇ ಇಲ್ಲ’ ಎಂದು ಹಿಗ್ಗುತ್ತಾರೆ. ನಿಜವು ಇದಕ್ಕೆ ವಿರುದ್ಧವಾಗಿದೆ. ಪತ್ರವಿಲ್ಲ ಎಂದರೆ ಒಡೆಯನು ಏನನ್ನೂ ಬಿಟ್ಟುಕೊಟ್ಟಿಲ್ಲ ಎಂದೇ ಅರ್ಥ.

ಈ ಗೊಂದಲಕ್ಕೆ ಭಾಷೆಯೂ ಸ್ವಲ್ಪಮಟ್ಟಿಗೆ ಕಾರಣ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ನರು 1983ರಲ್ಲಿ ‘ಗ್ನೂ’ ಎಂಬ ಯೋಜನೆಯನ್ನು ಸಾರಿ, ‘ಫ್ರೀ ಸಾಫ್ಟ್‌ವೇರ್’ ಎಂಬ ಚಳವಳಿಗೆ ಮೊದಲು ಮಾಡಿದರು. ಇಂಗ್ಲಿಷಿನ ‘ಫ್ರೀ’ ಎಂಬ ಶಬ್ದಕ್ಕೆ ಪುಕ್ಕಟೆ ಎಂಬ ಅರ್ಥವೂ ಉಂಟು, ಸ್ವತಂತ್ರ ಎಂಬ ಅರ್ಥವೂ ಉಂಟು. ಸ್ಟಾಲ್‌ಮನ್ನರು ಹೇಳಿದ್ದು ಸ್ವಾತಂತ್ರ್ಯವನ್ನು. ಜನ ಕೇಳಿಸಿಕೊಂಡದ್ದು ಬಹುಮಟ್ಟಿಗೆ ಪುಕ್ಕಟೆಯನ್ನು. ಕನ್ನಡಿಗರಾದ ನಮಗೆ ಈ ತೊಡಕಿಲ್ಲ, ಏಕೆಂದರೆ ನಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಮಾತುಗಳಿವೆ. ಪುಕ್ಕಟೆಯಾಗಿದ್ದೂ ಸ್ವತಂತ್ರವಲ್ಲದ ಸಾಧನಗಳುಂಟು. ಸ್ವತಂತ್ರವಾಗಿದ್ದೂ ಕರಾರುಗಳಿಂದ ಕೂಡಿದ ಸಾಧನಗಳುಂಟು. ಇದನ್ನು ಗ್ರಹಿಸಿದರೆ ಮುಂದಿನದು ಸುಲಭ.

ಲೈಸೆನ್ಸುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಉದಾರವಾದ ಬಗೆ. ಎಂಐಟಿ ಲೈಸೆನ್ಸ್ ಮತ್ತು 2004ರಲ್ಲಿ ಹೊರಬಂದ ಅಪಾಚೆ 2.0 ಲೈಸೆನ್ಸ್ ಇದಕ್ಕೆ ನಿದರ್ಶನಗಳು. ಕಾರ್ಯಸರಣಿ ಸಾಧನಗಳಲ್ಲಿ, 2013ರಲ್ಲಿ ಐಬಿಎಂ ಸಂಸ್ಥೆಯಲ್ಲಿ ಹುಟ್ಟಿದ ‘ನೋಡ್-ರೆಡ್’ ಎಂಬುದೂ, 2014ರಲ್ಲಿ ಏರ್‌ಬಿಎನ್‌ಬಿ ಸಂಸ್ಥೆಯಲ್ಲಿ ಹುಟ್ಟಿದ ‘ಏರ್‌ಫ್ಲೋ’ ಎಂಬುದೂ ಅಪಾಚೆ 2.0 ಲೈಸೆನ್ಸಿಗೆ ಸೇರಿದವು. ಇವನ್ನು ಬಳಸಬಹುದು, ತಿದ್ದಬಹುದು, ನಮ್ಮ ಸರಕಿನೊಳಗೆ ಸೇರಿಸಿ ಮಾರಲೂಬಹುದು. ಹಾಗೆಂದು ಕರಾರುಗಳೇ ಇಲ್ಲವೆಂದಲ್ಲ. ಲೈಸೆನ್ಸಿನ ಪ್ರತಿಯನ್ನು ಸರಕಿನೊಡನೆ ಕೊಡಬೇಕು. ಮೂಲಕರ್ತೃಗಳ ಹೆಸರನ್ನೂ ಸೂಚನೆಗಳನ್ನೂ ಅಳಿಸಬಾರದು. ತಿದ್ದಿದ ಕಡತಗಳಲ್ಲಿ ತಿದ್ದಿದ್ದೇವೆಂದು ಹೇಳಬೇಕು. ಇನ್ನೊಂದು ಮಾತು: ಕೋಡನ್ನು ಕೊಟ್ಟವರು ತಮ್ಮ ಹೆಸರು ಮುದ್ರೆಗಳನ್ನು ಕೊಟ್ಟಿಲ್ಲ. ಅವರ ವ್ಯಾಪಾರಚಿಹ್ನೆಯನ್ನು ನಮ್ಮ ಸರಕಿನ ಮೇಲೆ ಅಂಟಿಸುವ ಹಕ್ಕು ಅಪಾಚೆ ಲೈಸೆನ್ಸಿನಿಂದ ಬರುವುದಿಲ್ಲ.

ಎರಡನೆಯದು ‘ಪಡೆದಂತೆ ಕೊಡು’ ಎನ್ನುವ ಬಗೆ. ಸ್ಟಾಲ್‌ಮನ್ನರ ಜಿಪಿಎಲ್ ಇದರ ಮೂಲಪುರುಷ. ಅದರ ಮೊದಲ ಆವೃತ್ತಿ 1989ರದು. ಈ ಕೋಡನ್ನು ಸೇರಿಸಿಕೊಂಡು ರಚಿಸಿದ ಪ್ರೋಗ್ರಾಮನ್ನು ಇತರರಿಗೆ ಹಂಚಿದರೆ ಅದರ ಸೋರ್ಸ್ ಕೋಡನ್ನೂ ಅದೇ ಕರಾರಿನ ಮೇಲೆ ಕೊಡಬೇಕು. ಮುಂದೆ ಕಾಲ ಬದಲಾಯಿತು. ಪ್ರೋಗ್ರಾಮನ್ನು ಹಂಚದೆ ತಮ್ಮ ಸರ್ವರಿನಲ್ಲಿಯೇ ಇಟ್ಟುಕೊಂಡು, ಜಾಲದ ಮೂಲಕ ಅದರ ಸೇವೆಯನ್ನು ಮಾತ್ರ ಮಾರುವ ಪದ್ಧತಿ ಬಂದಿತು. ಹಂಚಿಕೆಯೇ ಇಲ್ಲದ ಮೇಲೆ ಜಿಪಿಎಲ್ ಕರಾರು ಅನ್ವಯಿಸಲಿಲ್ಲ. ಈ ಬಿರುಕನ್ನು ಮುಚ್ಚುವುದಕ್ಕಾಗಿ 2007ರಲ್ಲಿ ಎಜಿಪಿಎಲ್‌ನ ಮೂರನೆಯ ಆವೃತ್ತಿ ಬಂದಿತು. ತಿದ್ದಿದ ಪ್ರೋಗ್ರಾಮನ್ನು ಜಾಲದ ಮೂಲಕ ಬಳಸುವವರಿಗೂ ಅದರ ಸೋರ್ಸ್ ಕೋಡ್ ದೊರೆಯಬೇಕು ಎಂಬುದು ಇದರ ವಿಶೇಷ. ‘ವಿಂಡ್‌ಮಿಲ್’ ಎಂಬ ಕಾರ್ಯಸರಣಿ ಸಾಧನದ ಮುಖ್ಯ ಕೋಡ್ ಈ ಲೈಸೆನ್ಸಿನ ಕೆಳಗಿದೆ. ತನ್ನ ಕೋಡನ್ನು ಗುಟ್ಟಾಗಿಡಬೇಕೆನ್ನುವ ವ್ಯಾಪಾರಿಯು ಇಂಥದನ್ನು ಮುಟ್ಟುವ ಮುನ್ನ ಎರಡು ಸಲ ಯೋಚಿಸಬೇಕು.

ಮೂರನೆಯ ಬಗೆಯೇ ಹೆಚ್ಚು ಜನರನ್ನು ತೊಡಕಿಗೆ ಸಿಕ್ಕಿಸುವಂಥದು. ಇಲ್ಲಿ ಕೋಡ್ ಎಲ್ಲರಿಗೂ ಕಾಣುತ್ತದೆ, ಕಾಸೂ ಕೇಳುವುದಿಲ್ಲ, ಆದರೆ ವ್ಯಾಪಾರಕ್ಕೆ ಎಲ್ಲೆ ಹಾಕಿರುತ್ತದೆ. 1998ರಲ್ಲಿ ಸ್ಥಾಪಿತವಾದ ‘ಓಪನ್ ಸೋರ್ಸ್ ಇನಿಷಿಯೇಟಿವ್’ ಸಂಸ್ಥೆಯ ವ್ಯಾಖ್ಯೆಯ ಪ್ರಕಾರ, ವ್ಯಾಪಾರವೂ ಸೇರಿದಂತೆ ಯಾವ ಉದ್ಯೋಗಕ್ಕೂ ಅಡ್ಡಿಮಾಡುವ ಲೈಸೆನ್ಸ್ ಓಪನ್ ಸೋರ್ಸ್ ಅಲ್ಲ. ಆದುದರಿಂದ ಈ ಮೂರನೆಯ ಬಗೆಯವು ನೋಡಲು ಓಪನ್ ಸೋರ್ಸಿನಂತಿದ್ದರೂ ಓಪನ್ ಸೋರ್ಸ್ ಅಲ್ಲ.

ಇದಕ್ಕೆ ‘ಎನ್-ಏಟ್-ಎನ್’ ಎಂಬ ಸಾಧನವನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಬರ್ಲಿನ್ ನಗರದ ಯಾನ್ ಓಬರ್‌ಹೌಸರ್ ಎಂಬವರು 2019ರಲ್ಲಿ ಇದನ್ನು ಹೊರತಂದರು. ‘ನೋಡ್‌ಮೇಷನ್’ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಮೊದಲ ಮತ್ತು ಕೊನೆಯ ‘ಎನ್’ ಅಕ್ಷರಗಳ ನಡುವೆ ಎಂಟು ಅಕ್ಷರಗಳು ಬರುವುದರಿಂದ ಈ ವಿಚಿತ್ರ ನಾಮಧೇಯ. ಮೊದಮೊದಲು ಇದನ್ನು ಓಪನ್ ಸೋರ್ಸ್ ಎಂದೇ ಕರೆದರು. ಅಪಾಚೆ ಲೈಸೆನ್ಸಿನ ಜೊತೆಗೆ ಮಾರಾಟವನ್ನು ನಿಷೇಧಿಸುವ ‘ಕಾಮನ್ಸ್ ಕ್ಲಾಸ್’ ಎಂಬ ಷರತ್ತು ಸೇರಿದ್ದುದರಿಂದ ಆ ಹೆಸರಿಗೆ ಆಕ್ಷೇಪಣೆ ಬಂದಿತು. ಅವರು ಹೆಸರನ್ನು ಬಿಟ್ಟು ‘ಫೇರ್ ಕೋಡ್’ ಎಂಬ ಬೇರೆ ಮಾತನ್ನು ಹಿಡಿದರು. 2022ರ ಮಾರ್ಚಿಯಲ್ಲಿ ಆ ಲೈಸೆನ್ಸಿಗೆ ಬದಲಾಗಿ ‘ಸಸ್ಟೇನಬಲ್ ಯೂಸ್ ಲೈಸೆನ್ಸ್’ ಬಂದಿತು. ಇದು ಒಂದೆರಡು ಪುಟಗಳ ಪತ್ರ. ಇದರ ಸಾರ ಇಷ್ಟು: ನಿಮ್ಮ ಸಂಸ್ಥೆಯ ಒಳಗಿನ ವ್ಯವಹಾರಕ್ಕೆ, ಇಲ್ಲವೇ ವ್ಯಾಪಾರೇತರವಾದ ಅಥವಾ ಸ್ವಂತದ ಕೆಲಸಕ್ಕೆ ಇದನ್ನು ಬಳಸಿ, ತಿದ್ದಿಕೊಳ್ಳಿ. ಇತರರಿಗೆ ಕೊಡುವುದಾದರೆ ಕಾಸು ಪಡೆಯದೆ, ವ್ಯಾಪಾರೋದ್ದೇಶವಿಲ್ಲದೆ ಕೊಡಿ. ಲೈಸೆನ್ಸಿನ ಮತ್ತು ಹಕ್ಕಿನ ಸೂಚನೆಗಳನ್ನು ಅಳಿಸಬೇಡಿ. ಕೋಡಿನಲ್ಲಿ ‘ಇಇ’ ಎಂಬ ಗುರುತುಳ್ಳ ಕಡತಗಳು ಮಾತ್ರ ಈ ಪತ್ರದ ಹೊರಗಿನವು. ಅವುಗಳಿಗೆ ಹಣ ತೆತ್ತು ಪಡೆಯುವ ಬೇರೆ ಲೈಸೆನ್ಸ್ ಬೇಕು.

‘ಒಳಗಿನ ವ್ಯವಹಾರ’ ಎಂಬ ಮಾತಿನ ಎಲ್ಲೆ ಯಾವುದು? ನಮ್ಮ ಹಳ್ಳಿಯ ಬದುಕಿನಿಂದ ಒಂದು ಹೋಲಿಕೆ ಕೊಡುತ್ತೇನೆ. ನೆರೆಮನೆಯಾಕೆ ತನ್ನ ಬೀಸುವ ಕಲ್ಲನ್ನು ನಮಗೆ ಎರವಲು ಕೊಟ್ಟಿದ್ದಾಳೆ. ನಾವು ನಮ್ಮ ಜೋಳವನ್ನು ಬೀಸಿಕೊಂಡು ರೊಟ್ಟಿ ಮಾಡಿ ಉಣ್ಣುತ್ತೇವೆ, ಆಕೆಯ ಆಕ್ಷೇಪಣೆಯಿಲ್ಲ. ಅದೇ ಹಿಟ್ಟಿನಿಂದ ಹತ್ತು ರೊಟ್ಟಿ ಹೆಚ್ಚಾಗಿ ತಟ್ಟಿ ಸಂತೆಯಲ್ಲಿ ಮಾರುತ್ತೇವೆ; ಆಗಲೂ ಆಕೆ ಸುಮ್ಮನಿದ್ದಾಳು. ಆದರೆ ನಾವು ಮನೆಯ ಮುಂದೆ ಹಲಗೆ ತೂಗುಹಾಕಿ, ಊರವರೆಲ್ಲ ತಮ್ಮ ತಮ್ಮ ಜೋಳವನ್ನು ತಂದು ಅದೇ ಕಲ್ಲಿನಲ್ಲಿ ಬೀಸಿಕೊಂಡು ನಮಗೆ ಕೂಲಿ ಕೊಟ್ಟು ಹೋಗಲಿ ಎಂದರೆ? ಆಗ ನಾವು ಮಾರುತ್ತಿರುವುದು ರೊಟ್ಟಿಯನ್ನಲ್ಲ, ಆಕೆಯ ಕಲ್ಲನ್ನು.

ಎನ್-ಏಟ್-ಎನ್ ಸಂಸ್ಥೆಯವರು ತಮ್ಮ ಲೈಸೆನ್ಸಿಗೆ ಕೊಟ್ಟಿರುವ ವಿವರಣೆಯೂ ಹೆಚ್ಚುಕಡಿಮೆ ಈ ಗೆರೆಯಲ್ಲಿಯೇ ಸಾಗುತ್ತದೆ. ನಮ್ಮ ಸಂಸ್ಥೆಯ ಖಾತೆಯಿಂದ, ನಮ್ಮ ಹತೋಟಿಯಲ್ಲಿರುವ ಮಾಹಿತಿಯನ್ನು ಈ ಸಾಧನ ಸಂಸ್ಕರಿಸಿದರೆ, ಅದರ ಫಲವು ನಮ್ಮ ಸರಕಿನ ಒಂದು ಅಂಗವಾಗಿ ಗಿರಾಕಿಗೆ ಮುಟ್ಟಿದರೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಗಿರಾಕಿಯೇ ತನ್ನ ಸ್ವಂತ ಖಾತೆಯ ಹೆಸರು, ಗುಪ್ತಪದಗಳನ್ನು ಕೊಟ್ಟು, ತನ್ನ ಮಾಹಿತಿಯನ್ನು ಈ ಸಾಧನದ ಮೂಲಕ ತರಿಸಿಕೊಳ್ಳುವಂತಾದರೆ ಈ ಲೈಸೆನ್ಸ್ ಸಾಲದು. ಹಣ ತೆತ್ತು ಬೇರೆ ಒಪ್ಪಂದ ಮಾಡಿಕೊಳ್ಳಬೇಕು. ಸಾಧನದ ಮೇಲಿನ ಹೆಸರನ್ನು ಮರೆಮಾಡಿ ನಮ್ಮದೆಂದು ಮಾರುವುದೂ, ಅದನ್ನು ನಮ್ಮ ಸರ್ವರಿನಲ್ಲಿಟ್ಟು ಪ್ರವೇಶಕ್ಕೆ ಶುಲ್ಕ ಎತ್ತುವುದೂ ನಿಷಿದ್ಧ. ಆದರೆ ಇತರರಿಗೆ ಕಾರ್ಯಸರಣಿಗಳನ್ನು ರಚಿಸಿಕೊಟ್ಟು ಕೂಲಿ ಪಡೆಯುವುದಕ್ಕೂ, ಅವರ ಸಂಸ್ಥೆಯೊಳಗೆ ಸಾಧನವನ್ನು ಸ್ಥಾಪಿಸಿಕೊಡುವುದಕ್ಕೂ ಅಪ್ಪಣೆಯುಂಟು. ಕಲ್ಲು ಆಕೆಯದಾದರೂ ಬೀಸುವ ಕೈಯ ಕೂಲಿ ನಮ್ಮದು.

ಈ ವಿಚಾರದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿರುವ ನಮ್ಮ ದೊಡ್ಡಪ್ಪನ ಮಗನಿಂದ. ಅವನೂ ಇಬ್ಬರು ಗೆಳೆಯರೂ ಸೇರಿ ಔಷಧದ ಅಂಗಡಿಗಳಿಗಾಗಿ ಲೆಕ್ಕಪತ್ರದ ಸಾಫ್ಟ್‌ವೇರ್ ಒಂದನ್ನು ಸಿದ್ಧಪಡಿಸುತ್ತಿದ್ದರು. ಅದರಲ್ಲಿ ಎನ್-ಏಟ್-ಎನ್ ಸಾಧನದಿಂದ ಮೂರು ಕೆಲಸಗಳನ್ನು ಮಾಡಿಸಬೇಕೆಂದು ಅವರ ಯೋಜನೆ. ತಮ್ಮ ಸಂಸ್ಥೆಯ ಬಿಲ್ಲುಗಳನ್ನು ಕಳುಹಿಸುವುದು ಒಂದು. ಅಂಗಡಿಯವರು ಸಾಫ್ಟ್‌ವೇರಿನ ವಿಷಯವಾಗಿ ಕೇಳುವ ಪ್ರಶ್ನೆಗಳಿಗೆ ತಮ್ಮ ಸಂಸ್ಥೆಯ ಖಾತೆಯ ಮೂಲಕವೇ ತಾನಾಗಿ ಉತ್ತರ ಹೋಗುವಂತೆ ಮಾಡುವುದು ಎರಡು. ಪ್ರತಿಯೊಬ್ಬ ಅಂಗಡಿಯವನೂ ತನ್ನ ಇ-ಮೇಲ್ ಖಾತೆಯನ್ನು ಜೋಡಿಸಿ ತನಗೆ ಬೇಕಾದ ಸರಣಿಯನ್ನು ತಾನೇ ರಚಿಸಿಕೊಳ್ಳುವಂತೆ ಮಾಡುವುದು ಮೂರು. ಲೈಸೆನ್ಸ್ ಓದಿದ್ದೀರಾ ಎಂದು ನಾನು ಕೇಳಿದಾಗ ಅವನು ನಕ್ಕುಬಿಟ್ಟ.

“ಬಾಗಿಲಾಗ ಇಟ್ಟು ‘ತಗೋ’ ಅಂದಮ್ಯಾಲೆ ಮತ್ತೇನು ಕೇಳೂದೋ ತಮ್ಮಾ?”

“ತಗೋ ಅಂದಾರ ಅಣ್ಣಾ, ಮಾರು ಅಂದಿಲ್ಲ” ಎಂದೆ.

ಆ ರಾತ್ರಿ ನಾಲ್ವರೂ ಕುಳಿತು ಪತ್ರವನ್ನು ಸಾಲುಸಾಲಾಗಿ ಓದಿದೆವು. ಮೊದಲನೆಯದು ಸಂಸ್ಥೆಯ ಒಳಗಿನ ವ್ಯವಹಾರವೆಂಬುದರಲ್ಲಿ ಸಂದೇಹವಿರಲಿಲ್ಲ. ಎರಡನೆಯದರಲ್ಲಿ ಗಿರಾಕಿಯು ಪ್ರಶ್ನೆಯನ್ನಷ್ಟೇ ಕೊಡುತ್ತಾನೆ, ಖಾತೆ ಸಂಸ್ಥೆಯದು, ಅದೂ ಸರಿ. ಮೂರನೆಯದು ಮಾತ್ರ ಊರವರ ಜೋಳವನ್ನು ನೆರೆಯವಳ ಕಲ್ಲಿನಲ್ಲಿ ಬೀಸುವ ಕೆಲಸ. ಅದಕ್ಕೆ ಬೇಕಾದ ವಾಣಿಜ್ಯ ಒಪ್ಪಂದದ ಭಾರವನ್ನು ಹೊರುವ ಶಕ್ತಿ ಆ ಮೂವರಿಗೆ ಇರಲಿಲ್ಲ. ಕಡೆಗೆ ಮೂರನೆಯ ಕೆಲಸಕ್ಕೆ ಅಪಾಚೆ ಲೈಸೆನ್ಸಿನ ನೋಡ್-ರೆಡ್ ಸಾಧನವನ್ನು ಆರಿಸಿಕೊಂಡರು. ಒಂದೇ ಸ್ಥಾಪನೆಯಲ್ಲಿ ಹಲವು ಗಿರಾಕಿಗಳನ್ನು ಪರಸ್ಪರ ಕಾಣದಂತೆ ಇಡುವ ಏರ್ಪಾಡು ಅದರಲ್ಲಿಲ್ಲ. ಆದ್ದರಿಂದ ಒಂದೊಂದು ಅಂಗಡಿಗೂ ಬೇರೆ ಬೇರೆ ಸ್ಥಾಪನೆ ಮಾಡಬೇಕಾಯಿತು. ಹಣ ಉಳಿಯಿತು, ಶ್ರಮ ಉಳಿಯಲಿಲ್ಲ. ಆದರೂ ಆ ಆಯ್ಕೆಯನ್ನು ಅವರು ಮೊದಲ ಅಂಗಡಿಗೆ ಮಾರುವ ಮುನ್ನ ಮಾಡಿದರು. ಐವತ್ತು ಅಂಗಡಿಗಳಿಗೆ ಮಾರಿದ ಮೇಲೆ ಮಾಡಬೇಕಾಗಿ ಬಂದಿದ್ದರೆ ಆ ಪುಟ್ಟ ಸಂಸ್ಥೆ ಉಳಿಯುತ್ತಿತ್ತೋ ಇಲ್ಲವೋ ನಾನು ಹೇಳಲಾರೆ.

ಪುಕ್ಕಟೆಯಾಗಿ ಕೊಟ್ಟುದಕ್ಕೆ ಕರಾರು ಹಾಕಿದರೆ ನ್ಯಾಯಾಲಯ ಅದನ್ನು ಮನ್ನಿಸುವುದೇ ಎಂದು ಸಂಶಯ ಬರಬಹುದು. ಈ ಪ್ರಶ್ನೆ ಅಮೆರಿಕದಲ್ಲಿ ಆಟಿಕೆಯ ರೈಲುಗಳ ನಿಮಿತ್ತವಾಗಿ ಇತ್ಯರ್ಥವಾಯಿತೆಂಬುದು ಸ್ವಾರಸ್ಯದ ಸಂಗತಿ. ರಾಬರ್ಟ್ ಜೇಕಬ್‌ಸನ್ ಎಂಬವರೂ ಅವರ ಜೊತೆಗಾರರೂ ಮಾದರಿ ರೈಲುಗಳನ್ನು ನಡೆಸುವ ಪ್ರೋಗ್ರಾಮನ್ನು ಓಪನ್ ಸೋರ್ಸ್ ಲೈಸೆನ್ಸೊಂದರ ಮೇಲೆ ಪುಕ್ಕಟೆಯಾಗಿ ಕೊಟ್ಟಿದ್ದರು. ಮ್ಯಾಥ್ಯೂ ಕ್ಯಾಟ್ಸರ್ ಎಂಬವರ ಸರಕಿನಲ್ಲಿ ಅದರ ಕಡತಗಳು ಕರ್ತೃಗಳ ಹೆಸರು ಮತ್ತು ಹಕ್ಕಿನ ಸೂಚನೆಗಳಿಲ್ಲದೆ ಕಾಣಿಸಿಕೊಂಡವೆಂಬುದು ವ್ಯಾಜ್ಯ. ಲೈಸೆನ್ಸಿನ ಷರತ್ತನ್ನು ಮೀರಿದರೆ ಅದು ಬರಿಯ ಒಪ್ಪಂದಭಂಗವಲ್ಲ, ಕೃತಿಸ್ವಾಮ್ಯದ ಉಲ್ಲಂಘನೆಯೂ ಆಗಬಲ್ಲದು ಎಂದು 2008ರಲ್ಲಿ ಅಲ್ಲಿಯ ಫೆಡರಲ್ ಸರ್ಕ್ಯೂಟ್ ಅಪೀಲು ನ್ಯಾಯಾಲಯ ತೀರ್ಪಿತ್ತಿತು. ಅದಕ್ಕೂ ಮೊದಲು, 2004ರಲ್ಲಿ, ಜರ್ಮನಿಯ ಮ್ಯೂನಿಕ್ ನ್ಯಾಯಾಲಯವೊಂದು ಜಿಪಿಎಲ್ ಕರಾರುಗಳನ್ನು ಎತ್ತಿಹಿಡಿದಿತ್ತು. ಬೆಲೆ ತೆಗೆದುಕೊಳ್ಳದವನು ಹಕ್ಕನ್ನೂ ಬಿಟ್ಟಿದ್ದಾನೆಂದು ಬಗೆಯುವಂತಿಲ್ಲ.

ಇನ್ನೊಂದು ಎಚ್ಚರಿಕೆ ಅವಶ್ಯ. ಲೈಸೆನ್ಸ್ ಕಲ್ಲಿನ ಶಾಸನವಲ್ಲ. ಒಡೆಯನು ಮುಂದಿನ ಆವೃತ್ತಿಗಳಿಗೆ ಅದನ್ನು ಬದಲಿಸಬಲ್ಲನು. ‘ಟೆರಾಫಾರ್ಮ್’ ಎಂಬ ಪ್ರಸಿದ್ಧ ಸಾಧನವನ್ನು ಹಾಷಿಕಾರ್ಪ್ ಸಂಸ್ಥೆಯು 2023ರ ಆಗಸ್ಟಿನಲ್ಲಿ ಓಪನ್ ಸೋರ್ಸ್ ಲೈಸೆನ್ಸಿನಿಂದ ತೆಗೆದು, ತನ್ನೊಡನೆ ಸ್ಪರ್ಧಿಸುವ ವ್ಯಾಪಾರಕ್ಕೆ ಎಡೆಗೊಡದ ‘ಬಿಸಿನೆಸ್ ಸೋರ್ಸ್ ಲೈಸೆನ್ಸ್’ ಎಂಬುದಕ್ಕೆ ಒಳಪಡಿಸಿತು. ಇದನ್ನೊಪ್ಪದವರು ಹಳೆಯ ಕೋಡಿನಿಂದಲೇ ‘ಓಪನ್‌ಟೋಫು’ ಎಂಬ ಕವಲನ್ನು ಬೆಳೆಸಿದರು. ಕಾರ್ಯಸರಣಿ ಸಾಧನಗಳ ಪೈಕಿ ‘ಕಮುಂಡ’ ಎಂಬುದರ 7ನೆಯ ಪೀಳಿಗೆಯ ಸಮುದಾಯ ಆವೃತ್ತಿ ಅಪಾಚೆ ಲೈಸೆನ್ಸಿನದಾಗಿತ್ತು. 8ನೆಯ ಪೀಳಿಗೆಯಲ್ಲಿ 2024ರ ಅಕ್ಟೋಬರಿನ 8.6 ಆವೃತ್ತಿಯಿಂದ ನಿಜವಾದ ವ್ಯವಹಾರದಲ್ಲಿ ಬಳಸಲು ಹಣ ತೆರಬೇಕೆಂದಾಯಿತು. ಹಳೆಯ ಆವೃತ್ತಿಗೆ ಒಮ್ಮೆ ಕೊಟ್ಟ ಉದಾರ ಲೈಸೆನ್ಸನ್ನು ಹಿಂದಕ್ಕೆ ಪಡೆಯುವುದಿಲ್ಲ, ನಿಜ. ಆದರೆ ದೋಷ ತಿದ್ದಿದ ಹೊಸ ಆವೃತ್ತಿ ಬೇಕಾದಾಗ ಹೊಸ ಕರಾರು ಎದುರಾಗುತ್ತದೆ. ಹೀಗಿರಲು ಸಾಧನದ ಹೆಸರಿನೊಡನೆ ಆವೃತ್ತಿಯ ಅಂಕೆಯನ್ನೂ, ಅಂದಿನ ಲೈಸೆನ್ಸಿನ ಪ್ರತಿಯನ್ನೂ ಕಡತದಲ್ಲಿ ಇಟ್ಟುಕೊಳ್ಳುವುದು ಜಾಣತನ.

ಇಂಥ ಎಲ್ಲೆಗಳು ನ್ಯಾಯವೇ? ಇದರಲ್ಲಿ ಎರಡು ಪಕ್ಷಗಳಿವೆ. ವರ್ಷಗಟ್ಟಲೆ ದುಡಿದು ಸಾಧನವನ್ನು ರಚಿಸಿದವನು ಅದನ್ನು ಹಂಚುತ್ತಾನೆ. ಅಪಾರ ಬಂಡವಾಳದ ಕಂಪನಿಯೊಂದು ಅದನ್ನೇ ತನ್ನ ಸರ್ವರುಗಳಲ್ಲಿಟ್ಟು ಬಾಡಿಗೆ ಎತ್ತುತ್ತದೆ. ರಚಿಸಿದವನಿಗೆ ಕಾಸೂ ಇಲ್ಲ. ಅವನು ಬೇಲಿ ಹಾಕಿಕೊಂಡರೆ ದೂರುವುದು ಹೇಗೆ? ಇನ್ನೊಂದು ಕಡೆ, ದೊಡ್ಡವರನ್ನು ತಡೆಯಲು ಹಾಕಿದ ಬೇಲಿಗೆ ಹುಬ್ಬಳ್ಳಿಯ ಮೂವರು ಹುಡುಗರೂ ಸಿಕ್ಕಿಕೊಳ್ಳುತ್ತಾರೆ. ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಒಪ್ಪಂದಕ್ಕೆ ಹಣವಿದೆ. ಸಣ್ಣವನಿಗೆ ಇರುವುದು ಓದುವ ಕಣ್ಣು ಮಾತ್ರ. ನನ್ನ ಮಟ್ಟಿಗೆ ಹೇಳುವುದಾದರೆ, ಬೇಲಿ ಹಾಕುವ ಹಕ್ಕನ್ನು ನಾನು ಒಪ್ಪುತ್ತೇನೆ. ಬೇಲಿ ಹಾಕಿದ ಹೊಲವನ್ನು ಗೋಮಾಳವೆಂದು ಕರೆಯುವುದನ್ನು ಮಾತ್ರ ಒಪ್ಪಲಾರೆ. ಹೆಸರು ಸರಿಯಾಗಿದ್ದರೆ ಸಣ್ಣವನು ಮೋಸಹೋಗುವುದಿಲ್ಲ.

ಆದುದರಿಂದ ಇಂಥ ಕೆಲಸಕ್ಕೆ ಕೈಹಾಕುವ ನನ್ನ ಸಹಪಾಠಿಗಳು ಕೆಲವು ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳಲಿ. ಈ ಆವೃತ್ತಿಯ ಲೈಸೆನ್ಸ್ ಯಾವುದು, ಅದರ ಹೊರಗಿನ ಕಡತಗಳು ಯಾವುವು? ಗಿರಾಕಿಗೆ ಮುಟ್ಟುವುದು ಸಾಧನದ ಫಲವೋ, ಸಾಧನವೇ ಸ್ವತಃವೋ? ಅದು ಓಡುವುದು ಯಾರ ಖಾತೆಯಿಂದ, ಯಾರ ಮಾಹಿತಿಯ ಮೇಲೆ? ತಿದ್ದಿದ ಕೋಡನ್ನು ಹೊರಗೆ ಕೊಡಬೇಕಾದೀತೇ? ಸಾಧನವು ಸಂಪರ್ಕಿಸುವ ಇ-ಮೇಲ್ ಮೊದಲಾದ ಸೇವೆಗಳ ನಿಯಮಗಳು ಏನು ಹೇಳುತ್ತವೆ? ಕಾರ್ಯಸರಣಿ ಸಾಧನದ ಲೈಸೆನ್ಸ್ ಆ ಸೇವೆಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ ಈ ಕೊನೆಯ ಪ್ರಶ್ನೆಯನ್ನು ಮರೆಯಬಾರದು. ಉತ್ತರ ಅಸ್ಪಷ್ಟವಾದಲ್ಲಿ ಒಡೆಯನಿಗೇ ಕಾಗದ ಬರೆದು ಉತ್ತರವನ್ನು ಬರಹದಲ್ಲಿ ಪಡೆಯಬೇಕು. ವ್ಯಾಪಾರ ದೊಡ್ಡದಾದರೆ ಬಲ್ಲ ವಕೀಲರನ್ನು ಕಾಣಬೇಕು. ತಿಳಿಯದೆ ಎಲ್ಲೆ ಮೀರಿದವನಿಗೂ ದಾರಿ ಪೂರ್ತಿ ಮುಚ್ಚಿಲ್ಲ. ಎನ್-ಏಟ್-ಎನ್ ಲೈಸೆನ್ಸಿನ ಪ್ರಕಾರ, ಸೂಚನೆ ತಲುಪಿದ 30 ದಿನಗಳೊಳಗೆ ಉಲ್ಲಂಘನೆಯನ್ನು ನಿಲ್ಲಿಸಿದರೆ ಕಳೆದುಹೋದ ಅನುಮತಿ ಮರಳಿ ಬರುತ್ತದೆ; ಎರಡನೆಯ ಸಲ ತಪ್ಪಿದರೆ ಶಾಶ್ವತವಾಗಿ ಹೋಗುತ್ತದೆ.

ಆರ್ಟ್ಸ್ ಕಾಲೇಜಿನ ಓದಿನಿಂದ ಇಂದಿನ ಯಂತ್ರಯುಗದಲ್ಲಿ ಏನು ಪ್ರಯೋಜನ ಎಂದು ನಮ್ಮನ್ನು ಕೇಳುವವರುಂಟು. ಒಂದು ಪತ್ರವನ್ನು ಕೈಗೆ ತೆಗೆದುಕೊಂಡು, ಅದರಲ್ಲಿ ಏನಿದೆ, ಏನಿಲ್ಲ, ‘ಮತ್ತು’ ಎಂದಿದೆಯೋ ‘ಅಥವಾ’ ಎಂದಿದೆಯೋ ಎಂದು ತಾಳ್ಮೆಯಿಂದ ನೋಡುವ ಅಭ್ಯಾಸವನ್ನೇ ಅಲ್ಲವೇ ನಮ್ಮ ಅಧ್ಯಾಪಕರು ನಮಗೆ ಕಲಿಸುತ್ತಿರುವುದು? ಸಾಫ್ಟ್‌ವೇರ್ ಬರೆಯುವ ಗೆಳೆಯರ ಪಕ್ಕದಲ್ಲಿ ಕುಳಿತು ಲೈಸೆನ್ಸನ್ನು ಓದಿ ಹೇಳುವ ಒಬ್ಬ ಬಿ.ಎ. ವಿದ್ಯಾರ್ಥಿಯೂ ಬೇಕಾಗುತ್ತಾನೆ. ಆ ಕೆಲಸಕ್ಕೆ ಒಬ್ಬಿಬ್ಬರಾದರೂ ಮುಂದೆ ಬಂದರೆ ಈ ಬರಹ ಸಾರ್ಥಕವಾಯಿತೆಂದು ತಿಳಿಯುತ್ತೇನೆ.